ನಮ್ಮ ಸಹಿ ಮಾರಾಟಕ್ಕಿಲ್ಲ

ವಿಜಯಪುರದ ಎಂಜಿನಿಯರ್ ಬಂಧುಗಳೇ, ವಾಸ್ತುಶಿಲ್ಪಿ ಗೆಳೆಯರೇ,

ಸೊಲ್ಲಾಪುರ ರಸ್ತೆಯಲ್ಲಿ ಊರು ದಾಟಿ ಎರಡೂ ಬದಿ ನೋಡಿರಿ. ಮೊನ್ನೆ ಮೊನ್ನೆಯವರೆಗೆ ಬಿಳಿಜೋಳ ತೂಗುತ್ತಿದ್ದ ಎರೆ ಹೊಲಗಳಲ್ಲಿ ಈಗ ಪ್ಲಾಟುಗಳ ಕಲ್ಲು ನೆಟ್ಟಿದ್ದಾರೆ. ತಿಕೋಟಾ, ಬಬಲೇಶ್ವರ ತಾಲ್ಲೂಕು ಕೇಂದ್ರಗಳಾದ ಮೇಲೆ ಅಲ್ಲಿಯೂ ಮಣ್ಣಿನ ಮಾಳಿಗೆ ಇಳಿಸಿ ಆರ್‌ಸಿಸಿ ಮಹಡಿ ಎಬ್ಬಿಸುತ್ತಿದ್ದಾರೆ. ಕೆಲಸ ಬೆಳೆದಂತೆ ನಾವೂ ಬೆಳೆದಿದ್ದೇವೆ. 1980ರಲ್ಲಿ ಶುರುವಾದ ಬಿಎಲ್‌ಡಿಇ ಎಂಜಿನಿಯರಿಂಗ್ ಕಾಲೇಜು ಈ ನಾಡಿನ ಮಕ್ಕಳಿಗೆ ಮನೆ ಬಾಗಿಲಲ್ಲೇ ಈ ವಿದ್ಯೆ ಕೊಟ್ಟಿತು. ನಮ್ಮ ಎಂಜಿನಿಯರ್–ವಾಸ್ತುಶಿಲ್ಪಿಗಳ ಸಂಘ ದೊಡ್ಡದಾಗುತ್ತಿದೆ ಎಂದು ಹಿಗ್ಗುವುದು ಸಹಜವೇ. ಅದಕ್ಕೂ ಮುಂಚೆ ನಮಗೆ ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ನಾವು ಸಹಿ ಹಾಕಿದ ಪ್ಲಾನುಗಳಲ್ಲಿ ಎಷ್ಟರ ಪಾಯವನ್ನು ಕಣ್ಣಾರೆ ಕಂಡಿದ್ದೇವೆ?

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತು. 19 ಜನ ಸತ್ತರು. ಅದು ದೂರದ ಮಹಾನಗರದ ಸುದ್ದಿಯಲ್ಲ, ನಮ್ಮದೇ ಸೀಮೆಯ ಊರಿನ ದುಃಖ. ಅದನ್ನು ಮರೆತು ಸಂಘದ ವಾರ್ಷಿಕೋತ್ಸವ ಮಾಡುವ ಹಕ್ಕು ನಮಗಿಲ್ಲ.

ಕಾನೂನು ನೋಡಿಕೊಳ್ಳುತ್ತದೆ ಎಂದು ಕೂಡುವಂತೆಯೂ ಇಲ್ಲ. 1972ರ ವಾಸ್ತುಶಿಲ್ಪಿಗಳ ಕಾಯ್ದೆ ‘ಆರ್ಕಿಟೆಕ್ಟ್’ ಎಂಬ ಬಿರುದನ್ನು ಕಾಯುತ್ತದೆ, ಕೆಲಸವನ್ನಲ್ಲ. ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳಬಾರದು, ಆದರೆ ಕಟ್ಟಡ ವಿನ್ಯಾಸ ಮಾಡುವುದನ್ನು ಈ ಕಾಯ್ದೆ ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿತು. ಕಾನೂನು ಬಿಟ್ಟ ಆ ಜಾಗವನ್ನು ತುಂಬಬೇಕಾದದ್ದು ನಮ್ಮ ಆತ್ಮಸಾಕ್ಷಿ, ಅದರ ಬೆನ್ನಿಗೆ ನಿಲ್ಲಬೇಕಾದದ್ದು ನಮ್ಮ ಸಂಘ.

ಸಂಘ ಚಿಕ್ಕದು ಎಂಬ ನೆಪ ಬೇಡ. ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1917ರಲ್ಲಿ, ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಓದಿದವರು ಕಟ್ಟಿಕೊಂಡ ವಿದ್ಯಾರ್ಥಿ ಸಂಘವೇ 1929ರಲ್ಲಿ ಭಾರತೀಯ ವಾಸ್ತುಶಿಲ್ಪಿಗಳ ಸಂಸ್ಥೆಯಾಯಿತು. ಸಲಹೆಗಾರ ಸಿವಿಲ್ ಎಂಜಿನಿಯರುಗಳ ಸಂಘ 1985ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ದೇಶದ ತುಂಬ ಹಬ್ಬಿತು. ಮಾಡಿದ ಕೆಲಸಕ್ಕೆ ಹೆಸರು ಹಾಕುವ ಮಾತಿಗೆ ಬಂದರೆ ನಮಗಿಂತ ಹಿರಿಯರು ನಮ್ಮೂರಲ್ಲೇ ಇದ್ದಾರೆ. ಇಬ್ರಾಹಿಂ ರೋಜಾ ಕಟ್ಟಿದ ಮಲಿಕ್ ಸಂದಲ್‌ನ ಹೆಸರು ಅದರ ಶಾಸನದಲ್ಲಿ ಇವತ್ತಿಗೂ ಓದಲು ಸಿಗುತ್ತದೆ. ನಾನೂರು ವರ್ಷ ಉತ್ತರ ಕೊಡಬಲ್ಲೆ ಎನ್ನುವಷ್ಟು ಭರವಸೆಯಿಂದ ಮಾಡಿದ ಕೆಲಸ ಅದು.

ನಮ್ಮ ನೆಲ ಸುಲಭದ ನೆಲವಲ್ಲ. ಪಾಯದ ಗುಂಡಿಗೆ ಇಳಿದು ನೋಡಿರಿ: ಮೇಲೆ ಎರೆ, ಕೆಳಗೆ ಗರಸು, ಅದರಡಿ ಕಲ್ಲು. ಬೇಸಿಗೆಯಲ್ಲಿ ಎರೆ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಪ್ಲಾಟಿನ ಈ ಮೂಲೆಯಲ್ಲಿ ಮೂರು ಅಡಿಗೆ ಸಿಕ್ಕ ಗರಸು ಆ ಮೂಲೆಯಲ್ಲಿ ಹತ್ತು ಅಡಿಗೂ ಸಿಗದಿರಬಹುದು. ಆಫೀಸಿನಲ್ಲಿ ಕೂತು ‘ಐದು ಅಡಿ’ ಎಂದು ಬರೆದುಬಿಟ್ಟರೆ, ಬಡವನೊಬ್ಬ ಜೀವಮಾನದ ಗಳಿಕೆ ಸುರಿದು ಕಟ್ಟಿದ ಗೋಡೆ ಎರಡನೇ ಮಳೆಗಾಲಕ್ಕೇ ಸೀಳುತ್ತದೆ.

ನೆಲ ನಡುಗುವುದೂ ಉಂಟು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸೊಲ್ಲಾಪುರದಾಚೆಯ ಕಿಲ್ಲಾರಿಯಲ್ಲಿ ಕಲ್ಲು–ಮಣ್ಣಿನ ಭಾರದ ಮನೆಗಳು ಮಲಗಿದ್ದವರ ಮೇಲೆಯೇ ಬಿದ್ದವು. 2022ರ ಜುಲೈನಲ್ಲಿ ನಮ್ಮ ಜಿಲ್ಲೆಯೇ ಕಂಪಿಸಿತು. ಈಗ ಕಾಲಂನ ರಿಂಗ್ ನೋಡಿರಿ. ಅದರ ಎರಡೂ ತುದಿ 135 ಡಿಗ್ರಿ ಮಣಿದು ಕಾಂಕ್ರೀಟಿನ ಒಡಲೊಳಗೆ ಹೊಗಬೇಕು ಎನ್ನುತ್ತದೆ ಐಎಸ್ 13920. ಎಷ್ಟೋ ಸೈಟುಗಳಲ್ಲಿ 90 ಡಿಗ್ರಿಗೆ ಮಡಚಿ ಕೈ ತೊಳೆದುಕೊಳ್ಳುತ್ತಾರೆ. ನೆಲ ಅಲುಗಿ ಹೊರಗಿನ ಪದರ ಉದುರಿತೆಂದರೆ ಆ ರಿಂಗ್ ಬಿಚ್ಚಿಕೊಳ್ಳುತ್ತದೆ, ಸಳಿಗಳು ಹೊರಕ್ಕೆ ಬಾಗುತ್ತವೆ, ಕಾಲಂ ಕೂತುಬಿಡುತ್ತದೆ. ಸಳಿ ಮಣಿಸುವವನಿಗೆ ಅದು ಇನ್ನೊಂದು ತಿರುವು ಅಷ್ಟೇ, ಹೆಚ್ಚು ಖರ್ಚಿನದ್ದೂ ಅಲ್ಲ. ಅವನಿಗೆ ಹೇಳಿಕೊಡದಿದ್ದರೆ ತಪ್ಪು ಅವನದಲ್ಲ, ನಮ್ಮದು.

ಆದ್ದರಿಂದ ನಾಲ್ಕು ಮಾತಿಗೆ ಒಪ್ಪೋಣ. ಪಾಯದ ಗುಂಡಿ ನೋಡದೆ, ಮಣ್ಣು ಪರೀಕ್ಷಿಸದೆ ಯಾರೂ ಸಹಿ ಹಾಕಬಾರದು. ಒಬ್ಬರು ಬೇಡವೆಂದ ಪ್ಲಾನು ಇನ್ನೊಬ್ಬರ ಟೇಬಲ್ಲಿಗೆ ಬಂದರೆ, ಮೊದಲಿನವರಿಗೆ ಫೋನ್ ಮಾಡಿ ಕಾರಣ ಕೇಳದೆ ಅದನ್ನು ಮುಟ್ಟಬಾರದು. ತಿಕೋಟಾ, ಬಬಲೇಶ್ವರಗಳಲ್ಲಿ ಗೌಂಡಿಗಳಿಗೂ ಸೆಂಟ್ರಿಂಗ್‌ನವರಿಗೂ ಸಂಘದ ಖರ್ಚಿನಲ್ಲಿ, ನಮ್ಮ ಆಡುಮಾತಿನಲ್ಲಿ ತರಬೇತಿ ಕೊಡಬೇಕು. ಮಾಲೀಕರ ಒತ್ತಡಕ್ಕೆ ಮಣಿಯದೆ ಕೆಲಸ ಕಳೆದುಕೊಂಡ ಹೊಸ ಹುಡುಗ ಹುಡುಗಿಯರ ಪರವಾಗಿ ಸಂಘವೇ ಎದ್ದು ನಿಲ್ಲಬೇಕು.

‘ನಾ ಹಾಕದಿದ್ರ ಮತ್ತೊಬ್ಬ ಹಾಕ್ತಾನ’ ಎಂಬ ಮಾತು ನಮ್ಮಲ್ಲಿ ದಿನಾ ಕೇಳಿಬರುತ್ತದೆ. ಆ ಮತ್ತೊಬ್ಬನೂ ನಮ್ಮ ಸಂಘದ ಸದಸ್ಯನೇ. ಅವನೂ ಹಾಕದಂತೆ ಮಾಡುವುದಕ್ಕೇ ಸಂಘ ಬೇಕು, ಇಲ್ಲದಿದ್ದರೆ ಅದು ಬರೀ ಫೋಟೊ ತೆಗೆಸಿಕೊಳ್ಳುವ ಕೂಟ. ಕಾಯಕವೇ ದೊಡ್ಡದೆಂದು ಜಗತ್ತಿಗೆ ಸಾರಿದ ಬಸವಣ್ಣನವರು ಹುಟ್ಟಿದ ಜಿಲ್ಲೆಯವರು ನಾವು. ನಮಗೆ ಇದನ್ನು ಹೊರಗಿನವರು ಬಂದು ಕಲಿಸಬೇಕೆ?

ಬನ್ನಿ, ಮುಂದಿನ ಸಭೆಯಲ್ಲಿಯೇ ಈ ನಾಲ್ಕು ಮಾತನ್ನು ಠರಾವು ಮಾಡೋಣ. ಮಹಾನಗರ ಪಾಲಿಕೆಗೂ ಪಂಚಾಯ್ತಿಗಳಿಗೂ ಅದರ ಪ್ರತಿ ಕೊಡೋಣ, ಒಪ್ಪಿದವರ ಹೆಸರುಗಳನ್ನು ಊರಿಗೆಲ್ಲ ತಿಳಿಸೋಣ. ಮುರಿದವರನ್ನು ಸಂಘದಿಂದ ಹೊರಗಿಡೋಣ, ಅವರು ಸಂಘದ ಅಧ್ಯಕ್ಷರೇ ಆಗಿದ್ದರೂ.