ಅನುಮತಿ ಬೇರೆ, ಅವಕಾಶ ಬೇರೆ

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವರ ಹೆಸರು ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗುತ್ತದೆ. ಗೋಲು ಆಗದಂತೆ ತಡೆದವರ ಹೆಸರನ್ನು ಕೇಳುವವರು ಕಡಿಮೆ. ಇದು ಆಟದ ದೋಷವಲ್ಲ, ನೋಡುವವರ ಸ್ವಭಾವ. ನಡೆದುದನ್ನು ಎಣಿಸುವುದು ಸುಲಭ. ನಡೆಯದಂತೆ ಮಾಡಿದುದನ್ನು ಎಣಿಸುವ ಬಗೆ ಹೇಗೆ? ಪೈರು ಹುಲುಸಾಗಿ ಬೆಳೆದಾಗ ನಾವು ಹೊಲವನ್ನು ಹೊಗಳುತ್ತೇವೆಯೇ ಹೊರತು, ದನಕರು ನುಗ್ಗದಂತೆ ಕಾಯ್ದ ಬೇಲಿಯನ್ನು ಹೊಗಳುವ ರೂಢಿಯಿಲ್ಲ.

ಅಂತಹ ಬೇಲಿಯ ಕೆಲಸವನ್ನು ಹದಿನೈದು ವರ್ಷಗಳ ಕಾಲ ತನ್ನ ದೇಶಕ್ಕಾಗಿ ಮಾಡಿದ ಒಬ್ಬ ಆಟಗಾರ್ತಿಯ ವಿಷಯವನ್ನು ಸಹಪಾಠಿಗಳ ಮುಂದೆ ಇಡಬೇಕೆಂದು ನನ್ನ ಆಸೆ. ಆಕೆಯ ಹೆಸರು ಡೋರಿಸ್ ಫಿಟ್ಷೆನ್. ದೇಶ ಜರ್ಮನಿ. ರಾಷ್ಟ್ರೀಯ ತಂಡಕ್ಕಾಗಿ ಆಡಿದ ಪಂದ್ಯಗಳು 144. ಪಡೆದ ಯೂರೋಪಿನ ಚಾಂಪಿಯನ್ ಪದವಿಗಳು ನಾಲ್ಕು. ಆದರೆ ಬರಿಯ ಗುಣಗಾನ ನನ್ನ ಉದ್ದೇಶವಲ್ಲ. ಆಕೆಯ ಆಟದ ಬದುಕು ಒಂದು ಪ್ರಶ್ನೆಯನ್ನು ಎತ್ತುತ್ತದೆ: ಒಂದು ನಿಷೇಧವನ್ನು ತೆಗೆದುಹಾಕಿದ ಮಾತ್ರಕ್ಕೆ ನ್ಯಾಯ ದೊರಕಿದಂತಾಯಿತೆ?

ನಿಷೇಧವೆಂದರೆ ಯಾವ ನಿಷೇಧ ಎಂದು ಯಾರಾದರೂ ಕೇಳಬಹುದು. 1954ರಲ್ಲಿ ಪಶ್ಚಿಮ ಜರ್ಮನಿಯ ಪುರುಷರ ತಂಡವು ಸ್ವಿಟ್ಜರ್ಲೆಂಡಿನ ಬೆರ್ನ್ ನಗರದಲ್ಲಿ ಹಂಗೆರಿಯನ್ನು ಸೋಲಿಸಿ ವಿಶ್ವಕಪ್ ಗೆದ್ದಿತು. ಯುದ್ಧದಲ್ಲಿ ಸೋತು ನೊಂದಿದ್ದ ನಾಡಿಗೆ ಕಾಲ್ಚೆಂಡಾಟವು ಹೊಸ ಉಸಿರನ್ನು ಕೊಟ್ಟಿತು. ಇದಾದ ಮರುವರ್ಷವೇ, 1955ರ ಜುಲೈ 30ರಂದು, ಜರ್ಮನ್ ಕಾಲ್ಚೆಂಡು ಸಂಘವು ಬರ್ಲಿನ್ನಿನಲ್ಲಿ ಸಭೆ ಸೇರಿ, ತನ್ನ ಅಧೀನದ ಯಾವ ಕ್ಲಬ್ಬೂ ಮಹಿಳಾ ತಂಡವನ್ನು ಕಟ್ಟಕೂಡದು, ಮಹಿಳೆಯರಿಗೆ ಮೈದಾನವನ್ನು ಕೊಡಕೂಡದು, ಅವರ ಪಂದ್ಯಕ್ಕೆ ತೀರ್ಪುಗಾರರನ್ನು ಕಳುಹಿಸಕೂಡದು ಎಂದು ನಿರ್ಣಯಿಸಿತು. ಚೆಂಡಿಗಾಗಿ ಹೋರಾಡುವಾಗ ಹೆಣ್ಣಿನ ಲಾವಣ್ಯ ಕೆಡುತ್ತದೆ, ದೇಹಕ್ಕೂ ಮನಸ್ಸಿಗೂ ಹಾನಿಯಾಗುತ್ತದೆ, ನೋಡುವವರ ಸಭ್ಯತೆಗೂ ಕುಂದು ಬರುತ್ತದೆ ಎಂಬುದು ಅವರು ಕೊಟ್ಟ ಕಾರಣ. ದೇಶವೆಲ್ಲ ಮೆಚ್ಚಿ ಮೆರೆಸಿದ ಆಟ ಅರ್ಧ ದೇಶಕ್ಕೆ ಮಾತ್ರ ಹಾನಿಕರವಾಗುವುದೆಂಬ ಈ ತರ್ಕವನ್ನು ಯಾವ ತರ್ಕಶಾಸ್ತ್ರದ ಅಧ್ಯಾಪಕರೂ ಒಪ್ಪಲಾರರು.

ನಿಷೇಧವೇನೋ ಆಯಿತು, ಆಟ ಮಾತ್ರ ನಿಲ್ಲಲಿಲ್ಲ. ಸಂಘದ ಕೈಗೆ ಸಿಗದ ಮೈದಾನಗಳನ್ನು ಹುಡುಕಿ ಹೆಂಗಸರು ಆಡಿದರು. 1956ರ ಸೆಪ್ಟೆಂಬರಿನಲ್ಲಿ ಎಸ್ಸೆನ್ ನಗರದಲ್ಲಿ ಪಶ್ಚಿಮ ಜರ್ಮನಿಯ ಮತ್ತು ಹಾಲೆಂಡಿನ ಮಹಿಳೆಯರು ಆಡಿದ ಪಂದ್ಯವನ್ನು ನೋಡಲು ಸುಮಾರು 18,000 ಜನ ಸೇರಿದ್ದರು. ಆ ಪಂದ್ಯಕ್ಕೆ ಸಂಘದ ಮಾನ್ಯತೆ ಇರಲಿಲ್ಲ. ಜನರ ಮಾನ್ಯತೆಗೆ ಮಾತ್ರ ಕೊರತೆಯಿರಲಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ "ಹೆಂಗಸರ ಆಟವನ್ನು ನೋಡುವವರು ಯಾರು?" ಎಂಬ ಮಾತು ಮುಂದೆ ಮತ್ತೆ ಮತ್ತೆ ಕೇಳಿಬರುತ್ತದೆ.

ಕೊನೆಗೆ 1970ರ ಅಕ್ಟೋಬರ್ 31ರಂದು ಸಂಘವು ನಿಷೇಧವನ್ನು ರದ್ದುಮಾಡಿತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಸುಳ್ಳಲ್ಲ. ಅನುಮತಿಯ ಬೆನ್ನಿಗೇ ಷರತ್ತುಗಳು ಬಂದವು. ಪಂದ್ಯದ ಅವಧಿಯನ್ನು ಮೊಟಕು ಮಾಡಿದರು. ದೊಡ್ಡವರ ಚೆಂಡು ಬೇಡ, ಹುಡುಗರ ಸಣ್ಣ ಚೆಂಡು ಸಾಕು ಎಂದರು. ಅಡಿಯಲ್ಲಿ ಗುಬುಟುಗಳಿರುವ ಬೂಟನ್ನು ಹಾಕಕೂಡದೆಂದರು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಆಟವನ್ನು ನಿಲ್ಲಿಸಬೇಕೆಂದರು. ಮಹಿಳೆಯರ ರಾಷ್ಟ್ರೀಯ ತಂಡವು ತನ್ನ ಮೊದಲ ಪಂದ್ಯವನ್ನು ಆಡಿದುದು 1982ರ ನವೆಂಬರ್ 10ರಂದು. ಎಂದರೆ ಅನುಮತಿ ದೊರೆತ ಹನ್ನೆರಡು ವರ್ಷಗಳ ಮೇಲೆ! ಕೊಬ್ಲೆಂಟ್ಸ್ ನಗರದಲ್ಲಿ ನಡೆದ ಆ ಪಂದ್ಯದಲ್ಲಿ ಸ್ವಿಟ್ಜರ್ಲೆಂಡನ್ನು 5-1ರಿಂದ ಸೋಲಿಸಿದರು. ಶಕ್ತಿ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ.

ಡೋರಿಸ್ ಫಿಟ್ಷೆನ್ ಹುಟ್ಟಿದುದು 1968ರ ಅಕ್ಟೋಬರ್ 25ರಂದು, ಉತ್ತರ ಜರ್ಮನಿಯ ತ್ಸೆವೆನ್ ಎಂಬ ಸಣ್ಣ ಊರಿನಲ್ಲಿ. ನಿಷೇಧ ರದ್ದಾದಾಗ ಆಕೆಗೆ ಎರಡು ವರ್ಷ ತುಂಬಿ ಆರು ದಿನಗಳಾಗಿದ್ದವು. ಆದುದರಿಂದ ಬಾಗಿಲು ತೆರೆದ ಮೇಲೆ ಒಳಹೊಕ್ಕ ಮೊದಲ ತಲೆಮಾರಿನವಳು ಆಕೆ ಎನ್ನಬಹುದು. ಆದರೆ ಬಾಗಿಲು ತೆರೆದಿದ್ದರೂ ಒಳಗೆ ದೀಪ ಹಚ್ಚಿರಲಿಲ್ಲ. ಆಕೆ ರಾಷ್ಟ್ರೀಯ ತಂಡವನ್ನು ಸೇರಿದ 1986ರಲ್ಲಿ ಮಹಿಳೆಯರಿಗೆ ರಾಷ್ಟ್ರೀಯ ಲೀಗ್ ಇನ್ನೂ ಇರಲಿಲ್ಲ. ಅದು ಆರಂಭವಾದುದು 1990ರಲ್ಲಿ.

ಆಕೆ ಆಡುತ್ತಿದ್ದ ಸ್ಥಾನದ ಬಗ್ಗೆ ಎರಡು ಮಾತು ಹೇಳಬೇಕು. ಅಂದಿನ ಜರ್ಮನಿಯಲ್ಲಿ ರಕ್ಷಣಾಪಂಕ್ತಿಯ ಹಿಂದೆ 'ಲಿಬೆರೊ' ಎಂಬ ಒಬ್ಬ ಆಟಗಾರ ನಿಲ್ಲುವ ಪದ್ಧತಿಯಿತ್ತು. ಇಟಲಿಯ ಭಾಷೆಯಲ್ಲಿ ಆ ಪದಕ್ಕೆ ಸ್ವತಂತ್ರ ಎಂದು ಅರ್ಥ. ಉಳಿದ ರಕ್ಷಕರು ಎದುರಾಳಿಗಳಲ್ಲಿ ತಮ್ಮ ಪಾಲಿಗೆ ಬಂದವರನ್ನು ಬೆನ್ನಟ್ಟಿ ಕಾಯುತ್ತಾರೆ. ಲಿಬೆರೊ ಯಾರನ್ನೂ ಹಿಂಬಾಲಿಸುವುದಿಲ್ಲ. ಇಡೀ ಮೈದಾನವನ್ನು ನೋಡುತ್ತ, ಯಾವ ಕಡೆ ಗೋಡೆ ಬಿರುಕುಬಿಡುವುದೆಂದು ಮೊದಲೇ ಊಹಿಸಿ, ಅಲ್ಲಿಗೆ ಹೋಗಿ ನಿಲ್ಲಬೇಕು. ಚೆಂಡು ದೊರೆತಾಗ ಅದನ್ನು ಸುಮ್ಮನೆ ದೂರಕ್ಕೆ ಒದೆಯದೆ, ತನ್ನವರ ದಾಳಿಗೆ ನಾಂದಿ ಹಾಡಬೇಕು. ಇಲ್ಲಿ ಕಾಲಿನ ವೇಗಕ್ಕಿಂತ ಕಣ್ಣಿನ ವೇಗ ಮುಖ್ಯ. ಫಿಟ್ಷೆನ್ ಹೆಸರಾದುದು ಈ ಸ್ಥಾನದಲ್ಲಿಯೇ. ರಾಷ್ಟ್ರಕ್ಕಾಗಿ ಆಕೆ 16 ಗೋಲುಗಳನ್ನೂ ಹೊಡೆದಿದ್ದಾಳೆ. ಆದರೆ ಆಕೆ ತಡೆದ ಗೋಲುಗಳ ಪಟ್ಟಿ ಯಾವ ಪುಸ್ತಕದಲ್ಲಿಯೂ ಇಲ್ಲ.

1989ರಲ್ಲಿ ಯೂರೋಪಿನ ಮಹಿಳಾ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯಗಳು ಪಶ್ಚಿಮ ಜರ್ಮನಿಯಲ್ಲಿಯೇ ನಡೆದವು. ಅದಕ್ಕೆ ಹಿಂದೆ ಎರಡು ಸಲವೂ ಜರ್ಮನರು ಅಷ್ಟು ದೂರ ಬಂದಿರಲಿಲ್ಲ. ಸೀಗೆನ್ ಊರಿನಲ್ಲಿ ಇಟಲಿಯೊಡನೆ ನಡೆದ ಸೆಮಿಫೈನಲ್ ಪೆನಾಲ್ಟಿ ಒದೆತಗಳವರೆಗೆ ಬೆಳೆಯಿತು. ಗೋಲಿಯಾದ ಮಾರಿಯೋನ್ ಇಸ್ಬೆರ್ಟ್ ಮೂರು ಒದೆತಗಳನ್ನು ತಡೆದು, ಕೊನೆಯದನ್ನು ತಾನೇ ಹೊಡೆದು ಗೆಲ್ಲಿಸಿದಳು. ದೇಶದ ಜನ ಅದನ್ನು ಟೆಲಿವಿಷನ್ನಿನಲ್ಲಿ ನೇರವಾಗಿ ನೋಡಿದರು. ಜುಲೈ 2ರಂದು ಒಸ್ನಬ್ರುಕ್ ನಗರದಲ್ಲಿ ನಡೆದ ಫೈನಲ್ ಪಂದ್ಯಕ್ಕೆ ಸುಮಾರು 22,000 ಪ್ರೇಕ್ಷಕರು ಬಂದರು. ಜರ್ಮನಿ ನಾರ್ವೆಯನ್ನು 4-1ರಿಂದ ಸೋಲಿಸಿತು. ಇಪ್ಪತ್ತು ವರ್ಷದ ಫಿಟ್ಷೆನ್ ಆ ತಂಡದಲ್ಲಿದ್ದಳು.

ಗೆದ್ದ ಪ್ರತಿಯೊಬ್ಬ ಆಟಗಾರ್ತಿಗೂ ಸಂಘವು ಕೊಟ್ಟ ಬಹುಮಾನವೇನು? ಹೂವಿನ ಚಿತ್ತಾರವಿದ್ದ ಪಿಂಗಾಣಿಯ ಒಂದು ಕಾಫಿ ಸೆಟ್ಟು! ಕಪ್ಪು, ಬಸಿ, ತಟ್ಟೆಗಳು. ಈ ಕಥೆಯನ್ನು ಜರ್ಮನಿಯಲ್ಲಿ ಇಂದಿಗೂ ನಗುತ್ತಾ ಹೇಳುತ್ತಾರೆ. ನಗು ಬರುವುದು ಸಹಜವೇ. ಆದರೆ ನಕ್ಕು ಮುಗಿಸಿದ ಮೇಲೆ ಸ್ವಲ್ಪ ಯೋಚಿಸಬೇಕು. ಉಡುಗೊರೆಯ ಬೆಲೆ ಕಡಿಮೆಯಾಯಿತೆಂಬುದು ಇಲ್ಲಿ ದೊಡ್ಡ ದೂರಲ್ಲ. ಆ ಉಡುಗೊರೆ ಆಡುವ ಮಾತು ಮುಖ್ಯ. "ನೀವು ಯೂರೋಪನ್ನೇ ಗೆದ್ದಿರಿ, ಸಂತೋಷ, ಇನ್ನು ಮನೆಗೆ ಹೋಗಿ ಬಂದವರಿಗೆ ಕಾಫಿ ಕೊಡಿ" ಎಂಬುದಲ್ಲದೆ ಅದರಲ್ಲಿ ಬೇರೆ ಯಾವ ಅರ್ಥ ಹೊರಡುತ್ತದೆ? 1955ರ ನಿರ್ಣಯವು ಕಾಗದದ ಮೇಲಿಂದ ಅಳಿಸಿಹೋಗಿ ಹತ್ತೊಂಬತ್ತು ವರ್ಷಗಳಾಗಿದ್ದವು. ಮನಸ್ಸಿನಿಂದ ಅಳಿಸಿರಲಿಲ್ಲ ಎಂಬುದಕ್ಕೆ ಆ ಕಪ್ಪು ಬಸಿಗಳೇ ಸಾಕ್ಷಿ.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತುತ್ತಾರೆ. ಪುರುಷರ ಆಟದಿಂದ ಹಣ ಬರುತ್ತದೆ, ಆದುದರಿಂದ ಅವರಿಗೆ ಹಣ ಕೊಡುತ್ತಾರೆ. ಮಹಿಳೆಯರ ಆಟದಿಂದ ಬರುವುದಿಲ್ಲ, ಎಲ್ಲಿಂದ ಕೊಡಬೇಕು ಎಂದು. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳುವುದಿಲ್ಲ. ಲೆಕ್ಕ ಲೆಕ್ಕವೇ. ಆದರೆ ಹದಿನೈದು ವರ್ಷ ಬಾವಿಯ ಬಾಯನ್ನು ಮುಚ್ಚಿ, ಆಮೇಲೆ ಹಗ್ಗವಿಲ್ಲದ ಕೊಡವನ್ನು ಕೈಗೆ ಕೊಟ್ಟು, "ನೋಡಿದಿರಾ, ಇದರಲ್ಲಿ ನೀರಿಲ್ಲ" ಎನ್ನುವುದು ಪ್ರಾಮಾಣಿಕವಾದ ಲೆಕ್ಕವಲ್ಲ. ಎಸ್ಸೆನ್ನಿನ 18,000, ಒಸ್ನಬ್ರುಕ್ಕಿನ 22,000 ಜನರನ್ನು ಯಾರೂ ಬಲವಂತದಿಂದ ಕರೆತಂದಿರಲಿಲ್ಲ. 2022ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡ್ ಮತ್ತು ಜರ್ಮನಿಯ ಮಹಿಳೆಯರ ನಡುವಣ ಯೂರೋಪಿನ ಫೈನಲ್ ಪಂದ್ಯವನ್ನು 87,192 ಜನ ನೋಡಿದರು. ನೀರು ಮೊದಲಿನಿಂದಲೂ ಇತ್ತು.

ಕಾಫಿ ಸೆಟ್ಟಿನ ಮೇಲೆ ಕೋಪಗೊಂಡು ಫಿಟ್ಷೆನ್ ಆಟವನ್ನು ಬಿಡಲಿಲ್ಲ. ವೋಲ್ಫ್ಸ್‌ಬುರ್ಗ್, ಸೀಗೆನ್, ಫ್ರಾಂಕ್‌ಫುರ್ಟ್ ಊರುಗಳ ತಂಡಗಳಲ್ಲಿ ಆಡುತ್ತ ಹೋದಳು. 1991ರಲ್ಲಿಯೂ 1997ರಲ್ಲಿಯೂ ಮತ್ತೆ ಯೂರೋಪಿನ ಪ್ರಶಸ್ತಿ ಬಂದಿತು. ಸೋಲುಗಳೂ ಬಂದವು. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ವಿಶ್ವಕಪ್ಪಿನಲ್ಲಿ ಅಮೆರಿಕದೆದುರು 2-5ರ ಸೋಲು. 1999ರಲ್ಲಿ ಅದೇ ಅಮೆರಿಕದೆದುರು 2-3ರ ಸೋಲು. ವಿಶ್ವಕಪ್ ಆಕೆಯ ಕೈಗೆ ದೊರಕಲೇ ಇಲ್ಲ. 2000ದಲ್ಲಿ ಸಿಡ್ನಿಯ ಒಲಿಂಪಿಕ್ಸ್‌ನಲ್ಲಿ ಬ್ರೆಜಿಲನ್ನು ಸೋಲಿಸಿ ಕಂಚಿನ ಪದಕ ಪಡೆದರು. 2001ರ ಜುಲೈ 7ರಂದು ಉಲ್ಮ್ ನಗರದಲ್ಲಿ ಸ್ವೀಡನ್ನನ್ನು 1-0ಯಿಂದ ಸೋಲಿಸಿ ನಾಲ್ಕನೆಯ ಬಾರಿ ಯೂರೋಪಿನ ಚಾಂಪಿಯನ್ ಆದಳು. ಎರಡು ವರ್ಷಗಳ ಅನಂತರ ಜರ್ಮನಿ ವಿಶ್ವಕಪ್ಪನ್ನು ಗೆದ್ದಾಗ ಆಕೆ ಆಟದಿಂದ ನಿವೃತ್ತಳಾಗಿದ್ದಳು. ಬೇಲಿ ಕಟ್ಟಿದವರೇ ಸುಗ್ಗಿಯನ್ನೂ ಕಾಣುವರೆಂಬ ನಿಯಮವಿಲ್ಲ.

2001ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಆಡುವವರೆಲ್ಲರಿಗೂ ಸಂಬಳ ಕೊಡುವ ಮಹಿಳೆಯರ ಲೀಗ್ ಮೊತ್ತಮೊದಲು ಅಮೆರಿಕದಲ್ಲಿ ಆರಂಭವಾಯಿತು. ಫಿಟ್ಷೆನ್ ಅಲ್ಲಿಗೆ ಹೋಗಿ ಫಿಲಡೆಲ್ಫಿಯಾದ ತಂಡಕ್ಕೆ ಆಡಿದಳು. ಆ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ್ತಿಯೆಂಬ ಪ್ರಶಸ್ತಿಯನ್ನೂ ಪಡೆದಳು. ವಯಸ್ಸು ಆಗ 32. ಅದೇ ವರ್ಷ ಆಟವನ್ನು ನಿಲ್ಲಿಸಿದಳು. ಆ ಲೀಗ್ ಸಹ 2003ರಲ್ಲಿ ಹಣವಿಲ್ಲದೆ ಮುಚ್ಚಿಹೋಯಿತು. ಯೂರೋಪಿನಲ್ಲಿ ಅಷ್ಟು ಗೆದ್ದವಳು ಇಂತಹ ಲೀಗನ್ನು ಕಾಣಲು ಸಮುದ್ರವನ್ನು ದಾಟಬೇಕಾಯಿತು, ಅದೂ ಆಟದ ಸಂಜೆಯ ಹೊತ್ತಿಗೆ. ಅನುಮತಿಗೂ ಅವಕಾಶಕ್ಕೂ ನಡುವೆ ಇರುವ ದೂರವನ್ನು ಅಳೆಯಬೇಕೆಂದರೆ ಇದಕ್ಕಿಂತ ಬೇರೆ ಅಳತೆಗೋಲು ಬೇಕಿಲ್ಲ.

ಆದರೆ ಆಕೆಯ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವ ಭಾಗ ಇದರ ಮುಂದಿನದು. ಹಿಂದೆ ಹೆಂಗಸರಿಗೆ ಮೈದಾನವನ್ನು ನಿರಾಕರಿಸಿದ್ದ ಅದೇ ಸಂಘದಲ್ಲಿ ಆಕೆ ಕೆಲಸಕ್ಕೆ ಸೇರಿದಳು. 2009ರಲ್ಲಿ ಮಹಿಳೆಯರ ರಾಷ್ಟ್ರೀಯ ತಂಡದ ಮ್ಯಾನೇಜರ್ ಆದಳು. ಪ್ರಯಾಣ, ವಸತಿ, ತರಬೇತಿಯ ಏರ್ಪಾಡು ಮುಂತಾಗಿ ಆಟಗಾರರು ಆಟವನ್ನು ಬಿಟ್ಟು ಬೇರೇನನ್ನೂ ಚಿಂತಿಸದಂತೆ ನೋಡಿಕೊಳ್ಳುವ ಕೆಲಸ ಅದು. ಇದೂ ಲಿಬೆರೊ ಕೆಲಸವೇ ಅಲ್ಲವೆ? 2013ರಲ್ಲಿ ಜರ್ಮನಿಯ ಮಹಿಳೆಯರು ಮತ್ತೆ ಯೂರೋಪನ್ನು ಗೆದ್ದಾಗ ಪ್ರತಿಯೊಬ್ಬಳಿಗೂ ದೊರೆತುದು ಕಾಫಿ ಸೆಟ್ಟಲ್ಲ, 22,500 ಯೂರೊ. ಅದೇ ಹೊತ್ತಿಗೆ, 2014ರಲ್ಲಿ ವಿಶ್ವಕಪ್ ಗೆದ್ದ ಪುರುಷರಿಗೆ ತಲಾ 3 ಲಕ್ಷ ಯೂರೊ ದೊರೆಯಿತು. ವಿಶ್ವಕಪ್ಪೂ ಯೂರೋಪಿನ ಕಪ್ಪೂ ಒಂದೇ ಅಲ್ಲ, ನಿಜ. ಆದರೂ ಅಂತರ ಎಷ್ಟೆಂಬುದು ಕಣ್ಣಿಗೆ ಕಾಣುತ್ತದೆ. 2022ರ ಯೂರೋಪಿನ ಪಂದ್ಯಗಳಿಗೆ ಮುನ್ನ ಗೆದ್ದರೆ ತಲಾ 60,000 ಯೂರೊ ಕೊಡುವುದಾಗಿ ಸಂಘವು ಮಾತು ಕೊಟ್ಟಿತ್ತು. ದಾರಿ ಸಾಗಿದೆ, ಮುಗಿದಿಲ್ಲ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟೆ. "ಆಡಬೇಡಿರೆಂದು ಯಾರು ಹೇಳಿದರು?" ಎಂದು ಕೇಳುವುದು ಉದಾರತನದ ಮಾತಿನಂತೆ ಕೇಳಿಸುತ್ತದೆ. ಅದು ಬಹುಮಟ್ಟಿಗೆ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವ ಮಾತು. ಬೇಡವೆನ್ನದಿರುವುದು ಅನುಮತಿ. ಮೈದಾನ, ಚೆಂಡು, ತರಬೇತಿ, ಹೊತ್ತು, ಹೊಟ್ಟೆಗೆ ಹಿಟ್ಟು, ನಿಯಮ ಮಾಡುವ ಮೇಜಿನ ಸುತ್ತ ಒಂದು ಕುರ್ಚಿ ಇವುಗಳನ್ನು ಒದಗಿಸಿಕೊಡುವುದು ಅವಕಾಶ. ಮೊದಲನೆಯದಕ್ಕೆ ಒಂದು ನಿರ್ಣಯ ಸಾಕು. ಎರಡನೆಯದಕ್ಕೆ ಒಂದು ತಲೆಮಾರಿನ ದುಡಿಮೆ ಬೇಕು. ಡೋರಿಸ್ ಫಿಟ್ಷೆನ್ ಮೊದಲನೆಯದನ್ನು ಎರಡು ವರ್ಷದ ಕೂಸಾಗಿದ್ದಾಗಲೇ ಪಡೆದಳು. ಎರಡನೆಯದನ್ನು ತಾನು ಪೂರ್ತಿಯಾಗಿ ಪಡೆಯದೆ ಹೋದರೂ ಮುಂದಿನವರಿಗಾಗಿ ಕಟ್ಟುವ ಕೆಲಸಕ್ಕೆ ಕೈಹಾಕಿದಳು. ಗೋಲಿನ ಲೆಕ್ಕ ಬರೆಯುವವರು ಇದನ್ನು ಬರೆಯದಿರಬಹುದು. ಸ್ನೇಹಿತರೆ, ಓದುವ ನಾವಾದರೂ ಬರೆದಿಟ್ಟುಕೊಳ್ಳೋಣ.