ದೋಣಿಯ ಬಣ್ಣವೂ ಕೂಲಿಯವನ ಉಸಿರೂ

ವಿದ್ಯಾರಣ್ಯಪುರಂಗೂ ಕಡಲಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸೂಯೇಜ್ ಫಾರಂನ ಕಸದ ವಾಸನೆಯನ್ನು ವರ್ಷಗಟ್ಟಲೆ ಉಸಿರಾಡಿದವರು ನಾವು. ಒಬ್ಬರು ಬೇಡವೆಂದು ಬಿಸಾಡಿದ್ದು ಮಾಯವಾಗುವುದಿಲ್ಲ, ಬಡವನ ಬಾಗಿಲಿಗೆ ಬಂದು ಬೀಳುತ್ತದೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಮಲ್ಪೆ, ಮಂಗಳೂರುಗಳ ದಕ್ಕೆಯಲ್ಲಿ ಅದು ಕೂಲಿಯವನ ಎದೆಯೊಳಕ್ಕೇ ಹೋಗುತ್ತಿದೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡಕ್ಕೆ ಬಂದು ರಿಪೇರಿಯಾಗುವ ಕಾಲವದು. ತಳಕ್ಕೆ ಪಾಚಿ, ಚಿಪ್ಪು ಅಂಟಿದರೆ ದೋಣಿಯ ವೇಗ ತಗ್ಗಿ ಡೀಸೆಲ್ ಖರ್ಚು ಏರುತ್ತದೆ. ಅದಕ್ಕಾಗಿ ತಾಮ್ರದ ವಿಷ ಬೆರೆತ ಬಣ್ಣ ಬಳಿಯುತ್ತಾರೆ. ಹೊಸದನ್ನು ಬಳಿಯುವ ಮುನ್ನ ಸಡಿಲಾದ ಹಳೆಯದನ್ನು ಕೆರೆಯಬೇಕು. ಒಣಗಿದ ಬಣ್ಣವನ್ನು ಉಜ್ಜಿದಾಗ ಏಳುವ ಧೂಳೇ ಆ ವಿಷ. ಮುಖಕ್ಕೆ ಸುತ್ತಿದ ಟವೆಲು ಅದನ್ನು ತಡೆಯದು.

ಹಿಂದೆ ಇಂಥ ಬಣ್ಣಕ್ಕೆ ತವರದ ಒಂದು ಘೋರ ಸಂಯುಕ್ತವನ್ನೂ ಬೆರೆಸುತ್ತಿದ್ದರು. ಫ್ರಾನ್ಸಿನ ಆರ್ಕಾಶೋಂ ಕೊಲ್ಲಿಯಲ್ಲಿ ಸಿಂಪಿ ಸಾಕುವವರ ಕಸುಬೇ ಅದರಿಂದ ಕೆಟ್ಟಿತು. 1982ರಲ್ಲಿ ಆ ದೇಶ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. 2008ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೇ ಜಾರಿಗೆ ಬಂತು. ಸಿಂಪಿಗಾಗಿ ಲೋಕ ಎಚ್ಚೆತ್ತಿತು, ಸಂತೋಷ. ಹಳೆಯ ದೋಣಿಯ ಒಳಪದರಗಳನ್ನು ಇಂದು ಕೆರೆಯುವ ಮನುಷ್ಯನಿಗಾಗಿ ಎಚ್ಚೆತ್ತವರು ಯಾರು?

ಸೀಸದ ಮಾತೂ ಹೀಗೆಯೇ. ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂದು 2016ರ ನಿಯಮ ಹೇಳುತ್ತದೆ. ಆದರೆ ಅದು ಮನೆ ಮತ್ತು ಅಲಂಕಾರದ ಬಣ್ಣಗಳಿಗೆ ಮಾತ್ರ. ಲಾರಿ, ಯಂತ್ರ, ದೋಣಿಗಳ ಬಣ್ಣ ಅದರ ಹೊರಗೆ. ಗೋಡೆಗೆ ಇರುವ ರಕ್ಷಣೆ ದುಡಿಯುವವನಿಗೆ ಇಲ್ಲ!

ಉಪಾಯ ಕಷ್ಟದ್ದೇನಲ್ಲ. ದೋಣಿ ಸ್ಲಿಪ್‌ವೇ ಮೇಲಿರಲಿ, ಟ್ರೈಲರ್ ಮೇಲಿರಲಿ, ಕೆಳಗೆ ಟಾರ್ಪಾಲು ಹಾಸಬೇಕು. ಬಣ್ಣವನ್ನು ನೀರು ಹಾಕಿ ಒದ್ದೆಯಲ್ಲೇ ಕೆರೆಯಬೇಕು, ಬೆಂಕಿಯಿಂದ ಸುಡಕೂಡದು. ಕೆಲಸಗಾರನಿಗೆ ಸರಿಯಾದ ಮಾಸ್ಕು, ಕನ್ನಡಕ, ಕೈಗವಸು ಬೇಕು. ಕೆಲಸದ ಬಟ್ಟೆ ಮಕ್ಕಳಿರುವ ಮನೆಗೆ ಹೋಗಬಾರದು. ಕೆರೆದದ್ದನ್ನು ಕಡಲಿಗೂ ಊರ ಕಸಕ್ಕೂ ಸುರಿಯದೆ, ಅಪಾಯಕಾರಿ ತ್ಯಾಜ್ಯವೆಂದು ಬೇರೆ ಸಾಗಿಸಬೇಕು.

ಖರ್ಚು ಯಾರದು? ದಿನಗೂಲಿಯವನದಂತೂ ಅಲ್ಲ. ಸಾಲ ಮಾಡಿ ದೋಣಿ ಕೊಂಡ ಸಣ್ಣ ಮೀನುಗಾರನ ಮೇಲೆ ಪೂರ್ತಿ ಹೊರಿಸುವುದೂ ನ್ಯಾಯವಲ್ಲ. ಪ್ರತಿ ಬಂದರಿನಲ್ಲೂ ನೀರು, ಟಾರ್ಪಾಲು, ಧೂಳು ಹೀರುವ ಯಂತ್ರವಿರುವ ಸಾರ್ವಜನಿಕ ಶೆಡ್ಡನ್ನು ಸರ್ಕಾರವೇ ಕಟ್ಟಲಿ. ಬಣ್ಣ ಮಾರಿ ಲಾಭ ಪಡೆಯುವ ಕಂಪನಿಗಳಿಂದ ಪಾಲು ವಸೂಲು ಮಾಡಲಿ.

ನಮ್ಮ ಬಡಾವಣೆಯಲ್ಲೂ ಲಾರಿಯ ಬಾಡಿ, ಹಳೆಯ ಗ್ರಿಲ್ಲು ಉಜ್ಜುವವರಿದ್ದಾರೆ. ಅವರಿಗೂ ಈ ಮಾತು ಅನ್ವಯಿಸುತ್ತದೆ. ಉಪ್ಪುಕಾಗದ ಮಾರುವ ಅಂಗಡಿಯವರು ಪಕ್ಕದಲ್ಲಿ ಮಾಸ್ಕನ್ನೂ ಇಡಲಿ. ಕೊಳ್ಳುವವನಿಗೆ ಒಂದು ಮಾತು ಹೇಳಲಿ. ಕಾರ್ಮಿಕರು ಕೂಲಿಯ ಜೊತೆಗೆ ಉಸಿರಿನ ಲೆಕ್ಕವನ್ನೂ ಕೇಳಲಿ. ಅದು ಭಿಕ್ಷೆಯಲ್ಲ, ಬಾಕಿ.