ಊರಿಗೆ ಬಾರದ ಲಾಭ

ಬ್ಯಾಂಕಿನ ಠೇವಣಿಗೆ ಬಡ್ಡಿ ಜಮೆಯಾಗುವ ಮೊದಲೇ ತೆರಿಗೆ ಮುರಿದುಕೊಂಡದ್ದನ್ನು ಕಂಡು ಗೊಣಗದ ತಂದೆತಾಯಿಗಳು ಕಡಿಮೆ. ದೇಶ ದೇಶಗಳಲ್ಲಿ ವ್ಯಾಪಾರ ಮಾಡುವ ಕಂಪೆನಿಗಳಿಗೂ ಇದೇ ಕತ್ತರಿ ಉಂಟು. ಆದರೆ ಅದು ಯಾವಾಗ ಬೀಳಬೇಕೆಂಬುದನ್ನು ಬಹುಮಟ್ಟಿಗೆ ಕಂಪೆನಿಯೇ ತೀರ್ಮಾನಿಸುತ್ತದೆ.

ಅಮೆರಿಕದ ಕಂಪೆನಿಯೊಂದಕ್ಕೆ ಬೆಂಗಳೂರಿನಲ್ಲಿ ಅಂಗಸಂಸ್ಥೆ ಇದೆ ಎನ್ನಿ. ಅದು 100 ರೂಪಾಯಿ ಲಾಭ ಗಳಿಸಿ, ಸುಮಾರು 25 ರೂಪಾಯಿ ಕಂಪೆನಿ ತೆರಿಗೆ ಕಟ್ಟಿತು. ಉಳಿದ 75 ರೂಪಾಯಿ ಇಲ್ಲೇ ಇದ್ದರೆ ಚಿಂತೆಯಿಲ್ಲ. ಲಾಭಾಂಶವಾಗಿ ಅಮೆರಿಕಕ್ಕೆ ಹೊರಟಿತೋ, ಕಳುಹಿಸುವ ಮೊದಲು ಇಲ್ಲಿ ತೆರಿಗೆ ಮುರಿಯಲೇಬೇಕು. (2020ರ ಏಪ್ರಿಲ್‌ಗೆ ಮುನ್ನ ಲಾಭಾಂಶ ಹಂಚುವ ಕಂಪೆನಿಯೇ ಪ್ರತ್ಯೇಕ ತೆರಿಗೆ ತೆರುತ್ತಿತ್ತು.) ಭಾರತ-ಅಮೆರಿಕ ತೆರಿಗೆ ಒಪ್ಪಂದದಂತೆ, ಕನಿಷ್ಠ ಶೇ 10ರಷ್ಟು ಮತಾಧಿಕಾರದ ಷೇರುಳ್ಳ ಮಾತೃಸಂಸ್ಥೆಗೆ ಈ ದರ ಶೇ 15ನ್ನು ಮೀರುವಂತಿಲ್ಲ. ಹೀಗೆ 11 ರೂಪಾಯಿ 25 ಪೈಸೆ ಇಲ್ಲೇ ನಿಂತು, ಕಡಲು ದಾಟುವುದು 63 ರೂಪಾಯಿ 75 ಪೈಸೆ.

ದಾಟದೆ ಉಳಿದ ಹಣದ ಲೆಕ್ಕವೇನು? ಸ್ವಾರಸ್ಯವಿರುವುದು ಇಲ್ಲಿಯೇ. ಮುಂದೊಂದು ದಿನ ತರುವ ಹಣವಾದರೆ ಆ 11 ರೂಪಾಯಿ 25 ಪೈಸೆಯನ್ನು ಇಂದೇ ಹೊಣೆಯೆಂದು ತೋರಿಸಬೇಕು. ಅನಿರ್ದಿಷ್ಟ ಕಾಲ ಅಲ್ಲಿಯೇ ಮರುಹೂಡುತ್ತೇವೆ ಎಂದು ಕಂಪೆನಿ ಪುರಾವೆ ಸಹಿತ ಹೇಳಿದರೆ, ತೋರಿಸದೆ ಬಿಡಲು ಅಮೆರಿಕದ ಲೆಕ್ಕಪತ್ರ ನಿಯಮ ಒಪ್ಪುತ್ತದೆ. ಅಂದರೆ ಆಡಳಿತ ವರ್ಗದ ಮನಸ್ಸಿನಲ್ಲಿರುವ ಸಂಕಲ್ಪವೇ ಲಾಭದ ಅಂಕಿಯನ್ನು ಹಿಗ್ಗಿಸಬಲ್ಲದು! ಬಿಟ್ಟ ತೆರಿಗೆ ಎಷ್ಟೆಂದು ಟಿಪ್ಪಣಿಯಲ್ಲಿ ತಿಳಿಸಬೇಕು, ನಿಜ. ಆದರೆ ಅಂದಾಜು ಮಾಡುವುದು ಕಾರ್ಯಸಾಧ್ಯವಲ್ಲ ಎಂದು ಬರೆದು ಪಾರಾಗುವ ಬಾಗಿಲನ್ನೂ ಅದೇ ನಿಯಮ ತೆರೆದಿಟ್ಟಿದೆ. ಬಿ.ಕಾಂ. ಓದುವವರು ಇಂಥ ಕಂಪೆನಿಯ ವಾರ್ಷಿಕ ವರದಿ ಸಿಕ್ಕಾಗ ಲಾಭದ ಸಾಲಿನ ಜೊತೆಗೆ ತೆರಿಗೆಯ ಟಿಪ್ಪಣಿಯನ್ನೂ ಓದುವುದು ಲೇಸು.

ಇದು ಹೊರಡುವಾಗಿನ ಕತ್ತರಿ. ಆಚೆ ದಡದಲ್ಲಿ ಇನ್ನೂ ದೊಡ್ಡದೊಂದು ಇತ್ತು. 2017ರವರೆಗೆ ಹೊರನಾಡಿನ ಲಾಭ ಲಾಭಾಂಶವಾಗಿ ಅಮೆರಿಕಕ್ಕೆ ಬಂದರೆ ಶೇ 35ರ ತೆರಿಗೆ. ಹೊರಗೆ ಕಟ್ಟಿದ್ದಕ್ಕೆ ಮಿತಿಯೊಳಗೆ ವಜಾ. ಹೀಗಾಗಿ ಆಪಲ್ ಕಂಪೆನಿ ವಿದೇಶಗಳಲ್ಲಿ ಹಣ ರಾಶಿ ಬಿದ್ದಿದ್ದರೂ, ಷೇರುದಾರರಿಗೆ ಕೊಡಲೆಂದು 2013ರಲ್ಲಿ 1,700 ಕೋಟಿ ಡಾಲರ್ ಸಾಲ ಎತ್ತಿತು. ಕಣಜ ತುಂಬಿದ್ದೂ ನೆರೆಮನೆಯಿಂದ ಅಕ್ಕಿ ಕಡ ತಂದಂತೆ! 2017ರ ಡಿಸೆಂಬರ್‌ನ ಕಾನೂನು, ತಂದರೂ ತಾರದಿದ್ದರೂ, ಹಳೆಯ ಲಾಭಕ್ಕೆ ಒಮ್ಮೆ ತೆರಿಗೆ ವಿಧಿಸಿತು: ನಗದಿನ ಭಾಗಕ್ಕೆ ಶೇ 15.5, ಉಳಿದುದಕ್ಕೆ ಶೇ 8. ಸುಮಾರು 3,800 ಕೋಟಿ ಡಾಲರ್ ಕಟ್ಟುವುದಾಗಿ ಆಪಲ್ 2018ರ ಜನವರಿಯಲ್ಲಿ ಪ್ರಕಟಿಸಿತು.

ಅದೇ ಕಾನೂನು ವಿದೇಶಿ ಅಂಗಸಂಸ್ಥೆಗಳ ಅರ್ಹ ಲಾಭಾಂಶಕ್ಕೆ ಅಮೆರಿಕದಲ್ಲಿ ವಿನಾಯಿತಿ ಕೊಟ್ಟಿತು. ಆದರೆ ಹಾಗೆ ವಿನಾಯಿತಿ ಪಡೆದ ಲಾಭಾಂಶದಿಂದ ಇಲ್ಲಿ ಮುರಿದ ತೆರಿಗೆಗೆ ಅಲ್ಲಿ ವಜಾ ಇಲ್ಲ. ಹೀಗಾಗಿ ಆ 11 ರೂಪಾಯಿ 25 ಪೈಸೆ ಅಂಥ ಸಂದರ್ಭದಲ್ಲಿ ಈಗ ಮಾತೃಸಂಸ್ಥೆಗೆ ಪೂರ್ತಿ ನಷ್ಟ. ಅನಿರ್ದಿಷ್ಟ ಎಂಬ ಪದ ವರದಿಗಳಿಂದ ಇನ್ನೂ ಮಾಯವಾಗಿಲ್ಲ.